ಒಂಬತ್ತನೇ ನಂಬರಿನ ಬೂಟು

ಧಾರಾವಾಹಿಗಳಲ್ಲಿ ಮನೆಯ ಯಜಮಾನ ಮೆಟ್ಟಿಲಿಳಿದು ಬರುವಾಗ ಧಡ್ ಧಡ್ ಎಂದು ಬೂಟಿನ ಸದ್ದು ಬರುತ್ತದಲ್ಲ, ಅದನ್ನು ಕೇಳಿದ ಕೂಡಲೇ ಅಡುಗೆಮನೆಯಲ್ಲಿ ಮೂರು ಹೆಂಗಸರು ಕೈಲಿದ್ದ ಕೆಲಸ ಬಿಟ್ಟು ನಿಲ್ಲುತ್ತಾರಲ್ಲ, ಆ ಬೂಟಿನೊಳಗೆ ಇರುವುದು ಒಬ್ಬ ಹೆಂಗಸಿನ ಕಾಲು. ಐದಡಿ ಎತ್ತರ, ಐವತ್ತಾರು ವರ್ಷ, ಎಡ ಮಂಡಿಗೆ ಬಿಗಿದ ಪಟ್ಟಿ. ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಹೆಜ್ಜೆ ಅಕ್ಕ ಎನ್ನುತ್ತಾರೆ. ಶೂಟಿಂಗಿನಲ್ಲಿ ಮಾತು ಹಿಡಿಯುವ ಮೈಕಿಗೆ ಹೆಜ್ಜೆ ಸರಿಯಾಗಿ ಸಿಗುವುದಿಲ್ಲ. ಆಮೇಲೆ ಯಾರಾದರೂ ಪರದೆ ನೋಡಿಕೊಂಡು, ಅಲ್ಲಿಯವರ ಕಾಲಿಗೆ ಸರಿಯಾಗಿ ಇಲ್ಲಿ ನಡೆದುಕೊಡಬೇಕು. ಇಪ್ಪತ್ತಾರು ವರ್ಷದಿಂದ ಆ ಯಾರಾದರೂ ಎಂದರೆ ಇವಳೇ.

ಅವಳ ಕೋಣೆಗೆ ಕಿಟಕಿಯಿಲ್ಲ. ನೆಲದಲ್ಲಿ ಒಂದು ಮರದ ಹಲಗೆ, ಒಂದು ಕಲ್ಲಿನ ಚಪ್ಪಡಿ, ಅಗಲವಾದ ತಟ್ಟೆಯ ತುಂಬ ಮರಳು. ಮೊಣಕಾಲೆತ್ತರಕ್ಕೆ ಬಗ್ಗಿಸಿಟ್ಟ ಮೈಕು. ಕಪಾಟಿನಲ್ಲಿ ಸಾಲಾಗಿ ಜೋಡು, ಚಪ್ಪಲಿ. ಒಂದೊಂದಕ್ಕೂ ಒಂದು ಚೀಟಿ: ಮಾವ, ಗಂಡ, ಪೊಲೀಸು, ಅತ್ತೆ, ಸೊಸೆ. ಸೊಸೆಯ ಚಪ್ಪಲಿಯ ಅಡಿಗೆ ಹಳೇ ಕಂಬಳಿಯ ತುಂಡು ಅಂಟಿಸಿದೆ. ಅದು ನಿರ್ದೇಶಕರ ಅಪ್ಪಣೆ.

"ಗಂಡಸು ಬರೋದು ಮೊದಲು ಕಿವಿಗೆ ಗೊತ್ತಾಗ್ಬೇಕು, ಆಮೇಲೆ ಕಣ್ಣಿಗೆ," ಎಂದಿದ್ದರು ಅವರು. "ಹೆಂಗಸು ಕಣ್ಣಿಗೆ ಕಂಡ್ರೆ ಸಾಕು ಅಕ್ಕ. ಅವಳ ಹೆಜ್ಜೆ ಕೇಳಿಸಿದ್ರೆ ಜಗಳಕ್ಕೆ ಬಂದಂಗಿರುತ್ತೆ."

ಅಕ್ಕ ಗೋಂದು ತಂದು ಅಂಟಿಸಿದ್ದಳು. ಸದ್ದಿಲ್ಲದೆ ನಡೆಯುವ ವಿದ್ಯೆಯನ್ನು ಯಾವ ನಿರ್ದೇಶಕರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವಳ ಗಂಡ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವನು, ಹಗಲೆಲ್ಲ ನಿದ್ದೆ. ಎರಡೇ ಕೋಣೆಯ ಮನೆ. ಮನುಷ್ಯ ಕೆಟ್ಟವನೇನಲ್ಲ, ಒಂದು ದಿನವೂ ಕೈಯೆತ್ತಿದವನಲ್ಲ. ಮಲಗಿದಲ್ಲಿಂದಲೇ "ಶ್" ಎನ್ನುತ್ತಿದ್ದ, ಅಷ್ಟೇ. ಆ 'ಶ್'ಗೆ ಹೆದರಿ ಅವಳು ಪಾತ್ರೆಯನ್ನು ಬಟ್ಟೆಯ ಮೇಲಿಡಲು ಕಲಿತಳು, ಕೆಮ್ಮನ್ನು ಅಂಗೈಯಲ್ಲಿ ಅದುಮಲು ಕಲಿತಳು, ಹಿಮ್ಮಡಿ ಊರದೆ ತುದಿಗಾಲಲ್ಲಿ ನಡೆಯಲು ಕಲಿತಳು. ಅವನು ಸತ್ತು ಒಂಬತ್ತು ವರ್ಷವಾಯಿತು. ಮನೆಯೂ ಬದಲಾಯಿತು. ಹಿಮ್ಮಡಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಅವನು ಬಿಟ್ಟುಹೋದ ಕಾರ್ಖಾನೆ ಬೂಟನ್ನು, ಒಂಬತ್ತನೇ ನಂಬರಿನದನ್ನು, ಎಸೆಯಲು ಮನಸ್ಸಾಗದೆ ಅವಳು ಸ್ಟುಡಿಯೋಗೆ ತಂದಿದ್ದಳು. ಮೂರು ಜೊತೆ ಕಾಲುಚೀಲ ಹಾಕಿ ಅದರೊಳಗೆ ಕಾಲು ತೂರಿಸಿ ಹಲಗೆಯ ಮೇಲೆ ನಾಲ್ಕು ಹೆಜ್ಜೆ ಹಾಕಿದಾಗ ನಿರ್ದೇಶಕರು ಕುರ್ಚಿಯಿಂದ ಎದ್ದೇಬಿಟ್ಟರು. "ಇದು ಗಂಡಸಿನ ಹೆಜ್ಜೆ ಅಂದ್ರೆ," ಎಂದರು. ಆಮೇಲೆ ನಾಲ್ಕು ಧಾರಾವಾಹಿಗಳ ಗಂಡಂದಿರು ಅದೇ ಬೂಟಿನಲ್ಲಿ ದರ್ಪ ತೋರಿಸಿದರು. ಬೂಟಿನ ಅಸಲಿ ಯಜಮಾನ ಮಾತ್ರ ಜೀವಮಾನವಿಡೀ ಅದನ್ನು ಬಾಗಿಲಾಚೆ ಬಿಚ್ಚಿಟ್ಟು ಒಳಗೆ ಬರುತ್ತಿದ್ದವನು.

ಈಗ ಅವಳಿರುವುದು ಒಂದು ಮಹಡಿ ಮನೆಯಲ್ಲಿ, ಒಬ್ಬಳೇ. ಕೆಳಗೆ ಮನೆಯ ಓನರಮ್ಮ. ಒಮ್ಮೆ ಆಕೆ ಗೇಟಿನ ಬಳಿ ನಿಲ್ಲಿಸಿ ಹೊಗಳಿದ್ದಳು: "ನಿಮ್ಮಂಥ ಬಾಡಿಗೆಯವರು ಸಿಗಲ್ಲ ಕಣ್ರೀ. ಮೇಲೆ ಮನುಷ್ಯರಿದ್ದಾರೆ ಅಂತಾನೇ ಗೊತ್ತಾಗಲ್ಲ." ಅಕ್ಕ ನಕ್ಕು ಮೆಟ್ಟಿಲು ಹತ್ತಿದಳು. ಆ ಹೊಗಳಿಕೆ ಮಾತ್ರ ವಾರಗಟ್ಟಲೆ ಮನಸ್ಸಿನಿಂದ ಹೋಗಲಿಲ್ಲ. ಪಾಪ, ಓನರಮ್ಮನಿಗೇನು ಗೊತ್ತು.

ಹೀಗಿರುವಾಗ ದೊಡ್ಡ ಧಾರಾವಾಹಿಯೊಂದು ಮುಗಿಯುವ ಕಾಲ ಬಂತು. ಸಾವಿರದ ಇನ್ನೂರು ಕಂತು. ಅಷ್ಟರಲ್ಲೂ ಸೊಸೆ ಬೈಗುಳ ತಿಂದಳು, ಏಟು ತಿಂದಳು, ಊಟ ಮಾಡಿದ್ದನ್ನು ಮಾತ್ರ ಯಾರೂ ನೋಡಲಿಲ್ಲ. ಕಡೇ ಕಂತಿನಲ್ಲಿ ಅವಳು ಮನೆ ಬಿಟ್ಟು ಹೊರಡುತ್ತಾಳೆ. ಮಾತಿಲ್ಲ, ಅಳುವಿಲ್ಲ. ಕುರ್ಚಿಯಿಂದ ಎದ್ದು, ಗಂಡನ ಮುಂದೆಯೇ ಹಾದು, ಹನ್ನೊಂದು ಹೆಜ್ಜೆ ಇಟ್ಟು ಬಾಗಿಲು ದಾಟುತ್ತಾಳೆ.

ಕ್ರಮ ಹೀಗೆ: ಮೊದಲು ಗಂಡನ ಹೆಜ್ಜೆ, ಆಮೇಲೆ ಚಿತ್ರ ನಿಲ್ಲಿಸಿ, ಬೂಟು ಬಿಚ್ಚಿ, ಕಂಬಳಿ ಚಪ್ಪಲಿ ಹಾಕಿಕೊಂಡು ಸೊಸೆಯದು. ಅಕ್ಕ ಬೂಟಿನಲ್ಲಿ ಗಂಡನನ್ನು ಒಳಗೆ ನಡೆಸಿದಳು, ಅವನ ಕೂಗಾಟದುದ್ದಕ್ಕೂ ಅತ್ತಿತ್ತ ಓಡಾಡಿಸಿದಳು, ಸೋಫಾದ ಮುಂದೆ ನಿಲ್ಲಿಸಿದಳು. ಕೈಯೆತ್ತಿ ಸಾಕು ಎನ್ನಬೇಕಿತ್ತು, ಎನ್ನಲಿಲ್ಲ. ಪರದೆಯ ಮೇಲೆ ಸೊಸೆ ಎದ್ದಳು. ಇವಳ ಕಾಲೂ ಎದ್ದಿತು. ಬೂಟು ಹಾಕಿಕೊಂಡೇ ಹನ್ನೊಂದು ಹೆಜ್ಜೆ, ಹಿಮ್ಮಡಿ ಊರಿ, ಒಂದೂ ತಪ್ಪದೆ ಬಾಗಿಲವರೆಗೆ ನಡೆದುಬಿಟ್ಟಳು.

ಗಾಜಿನಾಚೆ ಕೂತಿದ್ದ ರೆಕಾರ್ಡಿಂಗಿನವನು ತಲೆಯೆತ್ತಿದ. ಅವನೂ ಹಳಬ, ಹತ್ತು ವರ್ಷದ ಜೊತೆಗಾರ.

"ಅಕ್ಕ, ಬೂಟು ಬಿಚ್ಚೋದು ಮರೆತ್ರಿ."

"ಹೂಂ, ಮರೆತೆ." ಅಕ್ಕ ಬಗ್ಗಿ ಬೂಟಿನ ಲೇಸಿಗೆ ಕೈ ಹಾಕಿದಳು, ಮತ್ತೆ ನೆಟ್ಟಗೆ ನಿಂತಳು. "ಇನ್ನೊಂದ್ಸಲ ಕೇಳಿಸು."

ಕೇಳಿಸಿದ. ಸೊಸೆ ಬರಿಯ ಕಣ್ಣಿಗೆ ಕಾಣುವವಳಾಗಿರಲಿಲ್ಲ ಈಗ. ಅವಳಿಗೆ ತೂಕ ಬಂದಿತ್ತು. ಇಪ್ಪತ್ತಾರು ವರ್ಷದಲ್ಲಿ ಅಕ್ಕನಿಗೆ ತನ್ನ ಕೆಲಸ ಕೇಳಿ ಕಣ್ಣು ತುಂಬಿದ್ದು ಅದೊಂದೇ ಸಲ.

"ಇದೇ ಇರಲಿ ಕಣೋ," ಎಂದಳು.

"ಸಾರ್ ಒಪ್ತಾರಾ?"

"ನೀನಾಗಿ ಹೇಳ್ಬೇಡ. ಈ ಹನ್ನೊಂದು ಇರಲಿ. ನಾನು ಇದುವರೆಗೂ ಏನೂ ಕೇಳಿದವಳಲ್ಲ."

ಅದು ನಿಜವೇ. ಅವನು ತಲೆ ಕೆರೆದುಕೊಂಡ. "ನಾನಂತೂ ತೆಗೆಯಲ್ಲ ಅಕ್ಕ. ಆಮೇಲೆ ಮ್ಯೂಸಿಕ್ ಸೇರಿಸೋ ಮಿಕ್ಸಿಂಗಲ್ಲಿ ಸಾರ್ ಏನ್ಮಾಡ್ತಾರೋ ಅದು ನನ್ನ ಕೈಲಿಲ್ಲ."

ಆ ವಾರ ಅಕ್ಕ ಬೇರೆ ಏನನ್ನೂ ಯೋಚಿಸಲಿಲ್ಲ. ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ, ಹಲ್ಲುಜ್ಜುವಾಗ ಬೆರಳು ಮಡಚಿ ಹನ್ನೊಂದು ಎಣಿಸುತ್ತಿದ್ದಳು. ಧಾರಾವಾಹಿಯ ಸಾಮಾನು ಖಾಲಿ ಮಾಡುವ ದಿನ ಬೂಟನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತಂದಳು. ಪ್ರಸಾರದ ದಿನ ಸಂಜೆ ಆರೂವರೆಗೇ ಟಿವಿಯ ಮುಂದೆ ಕೂತಳು. ಜೊತೆಗೆ ನೋಡಲು ಯಾರನ್ನಾದರೂ ಕರೆಯೋಣವೆಂದು ಫೋನು ಕೈಗೆತ್ತಿಕೊಂಡಳು, ಹೆಸರುಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಒಮ್ಮೆ ಸರಿಸಿದಳು, ಪಕ್ಕಕ್ಕಿಟ್ಟಳು.

ಏಳೂವರೆಗೆ ಶುರುವಾಯಿತು. ಗಂಡ ಬಂದ. ಧಡ್ ಧಡ್ ಎಂದು ಕಿಟಕಿಯ ಗಾಜು ಅದುರುವಷ್ಟು ಬಂದ. ಸೊಸೆ ಎದ್ದಳು. ಅಕ್ಕ ಎಣಿಸಲು ಬೆರಳು ಮುಂದೆ ಹಿಡಿದಳು.

ಪಿಟೀಲು ಬಂತು. ಒಂದಲ್ಲ, ಇಪ್ಪತ್ತು ಪಿಟೀಲು. ಅದರ ಹಿಂದೆ ಕೊಳಲು. ಸೊಸೆ ತೇಲಿಕೊಂಡು ಹೋಗಿ ಬಾಗಿಲು ದಾಟಿದಳು. ಅಕ್ಕನ ಬೆರಳು ಹನ್ನೊಂದನ್ನೂ ಮಡಚಿತು. ಒಂದೂ ಕೇಳಿಸಲಿಲ್ಲ.

ಅವಳು ಟಿವಿ ಆರಿಸಿದಳು. ಕೋಪ ಬರುತ್ತದೇನೋ ಎಂದು ಕಾದಳು, ಬರಲಿಲ್ಲ. ಬಂದದ್ದು ಬರೀ ಸಂಕಟ. ಆಮೇಲೆ ಚೀಲದಿಂದ ಬೂಟು ತೆಗೆದಳು. ಕಾಲುಚೀಲ ಒಂದೇ ಜೊತೆ ಸಿಕ್ಕಿತು, ಅಷ್ಟೇ ಹಾಕಿಕೊಂಡಳು. ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ನಿಂತು, ಅಲ್ಲಿಂದ ಮುಂಬಾಗಿಲವರೆಗೆ ಹಿಮ್ಮಡಿ ಊರಿ ನಡೆದಳು. ಹನ್ನೊಂದು. ತಿರುಗಿ ಬಂದಳು, ಮತ್ತೆ ಹನ್ನೊಂದು. ಒಲೆಯ ಪಕ್ಕದ ಲೋಟಗಳು ಅಲುಗಾಡಿದವು. ಯಾರೂ ಶ್ ಎನ್ನಲಿಲ್ಲ.

ಬಾಗಿಲು ತಟ್ಟಿದ ಸದ್ದಾಯಿತು. ಓನರಮ್ಮ ಏದುಸಿರು ಬಿಡುತ್ತ ನಿಂತಿದ್ದಳು. ಇಷ್ಟು ವರ್ಷಗಳಲ್ಲಿ ಆಕೆ ಮೆಟ್ಟಿಲು ಹತ್ತಿ ಬಂದದ್ದು ಇದೇ ಮೊದಲು.

"ಯಾರೋ ಗಂಡಸರು ಓಡಾಡ್ದಂಗಾಯ್ತು. ನೀವು ಒಬ್ರೇ ಇರೋರು, ಏನಾದ್ರೂ ಆಯ್ತೇನೋ ಅಂತ ಜೀವ ಹಾರಿಹೋಯ್ತು. ಯಾರ್ರೀ ಬಂದಿರೋದು?"

"ಯಾರೂ ಬಂದಿಲ್ಲ. ನಾನೇ ನಡೀತಿದ್ದೆ."

ಓನರಮ್ಮ ಅವಳ ಹೆಗಲ ಮೇಲಿಂದ ಒಳಗೆ ಇಣುಕಿದಳು. ಒಂದು ಕುರ್ಚಿ, ಒಂದು ತಟ್ಟೆ, ಆರಿದ ಟಿವಿ. ಅಕ್ಕನ ಕಾಲಿನ ಬೂಟು ಆಕೆಯ ಕಣ್ಣಿಗೆ ಬೀಳಲೇ ಇಲ್ಲ.

"ಒಳಗೆ ಬನ್ನಿ," ಎಂದಳು ಅಕ್ಕ. "ಟೀ ಮಾಡ್ತೀನಿ."

"ಇನ್ನೊಂದು ದಿನ ಬರ್ತೀನಿ ಬಿಡಿ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ." ಓನರಮ್ಮ ಸಮಾಧಾನದಿಂದ ಎದೆ ನೀವಿಕೊಂಡು ತಿರುಗಿದಳು. ಇಳಿಯುತ್ತಲೇ ಹೇಳಿದಳು: "ಸದ್ಯ. ನಾನು ಯಾರೋ ಇದ್ದಾರೆ ಅಂದ್ಕೊಂಡೆ."

"ನಾನಿದ್ದೀನಲ್ಲ," ಎಂದಳು ಹೆಜ್ಜೆ ಅಕ್ಕ.

ಅಷ್ಟರಲ್ಲಿ ಕೆಳಗಿನ ಬಾಗಿಲು ಮುಚ್ಚಿತ್ತು.