ನಮ್ಮ ಬೀದಿಯ ಪಟ್ಟಿಯಲ್ಲಿ ನನ್ನ ಹೆಸರು

ಬ್ರಿಟನ್ನಿನ ಹಾರ್ಬೋರ್ನ್‌ನ ನಮ್ಮ ಬೀದಿಯಲ್ಲಿ ಹನ್ನೊಂದು ಮನೆಗಳು. ಯಾವ ಕಸದ ಡಬ್ಬಿ ಯಾವ ವಾರ ಹೊರಗಿಡಬೇಕು, ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಯಾರು ಹಗಲು ಮಲಗಿರುತ್ತಾರೆ, ಎಲ್ಲವೂ ನನಗೆ ಬಾಯಿಪಾಠ. ಗೊತ್ತಿಲ್ಲದೇ ಇದ್ದದ್ದು ಒಂದೇ: ಇಲ್ಲಿ ನನಗೂ ಓಟಿದೆ ಎಂಬುದು.

ಮನೆಯಲ್ಲಿ ಮತದಾರರು ಯಾರ್ಯಾರೆಂದು ಕೇಳುವ ಕಾಗದ ವರ್ಷಕ್ಕೊಮ್ಮೆ ಇಲ್ಲಿನ ನಗರಸಭೆಯಾದ ಕೌನ್ಸಿಲ್‌ನಿಂದ ಬರುತ್ತದೆ. ಬ್ರಿಟಿಷ್ ಪಾಸ್‌ಪೋರ್ಟ್ ಪಡೆದಿದ್ದ, ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ನಮ್ಮ ಯಜಮಾನರು ತಮ್ಮ ಹೆಸರೊಂದನ್ನೇ ನೋಡಿ "ಸರಿಯಿದೆ" ಎನ್ನುತ್ತಿದ್ದರು. ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡ ನಾನು, ನನಗೇನು ಸಂಬಂಧವೆಂದು ಕಾಫಿ ಸೋಸುತ್ತಿದ್ದೆ. ಹದಿನಾಲ್ಕು ವರ್ಷ ಹೀಗೇ ಕಳೆಯಿತು.

ಒಂದು ವರ್ಷ ಆ ಕಾಗದ ಹಳೆಯ ಪತ್ರಿಕೆಗಳ ಜೊತೆ ಕಸಕ್ಕೆ ಹೋಯಿತು. ಉತ್ತರ ಬಾರದ್ದಕ್ಕೆ ಕೌನ್ಸಿಲ್‌ನ ಹೆಂಗಸೊಬ್ಬರು ಬಾಗಿಲಿಗೇ ಬಂದರು.

"ದೊಡ್ಡವರು ಇಬ್ಬರಿದ್ದೀರಿ, ಹೆಸರು ಒಂದೇ ಇದೆಯಲ್ಲ?"

"ಇವಳದ್ದು ಇಂಡಿಯನ್ ಪಾಸ್‌ಪೋರ್ಟು," ಎಂದರು ಯಜಮಾನರು.

"ಇಂಡಿಯಾ ಕಾಮನ್‌ವೆಲ್ತ್ ದೇಶ. ವಾಸಕ್ಕೆ ವೀಸಾ ಇದ್ದರೆ ಇವರಿಗೂ ಓಟುಂಟು."

ಪಕ್ಕದ ಮನೆಯ ಇಟಲಿಯ ದಂಪತಿಗೆ ಪಾರ್ಲಿಮೆಂಟ್ ಚುನಾವಣೆಯಲ್ಲಿ ಓಟಿಲ್ಲವಂತೆ, ಎದುರು ಮನೆಯ ಐರ್ಲೆಂಡಿನ ಅಜ್ಜಿಗೆ ಇದೆಯಂತೆ. ಎರಡು ಬೀದಿಗಳಲ್ಲಿ ಜನ ಒಂದೇ ಸಮ ಇದ್ದರೂ ಓಟು ಒಂದೇ ಸಮ ಇರುವುದಿಲ್ಲ, ತಲೆ ಎಣಿಸಿದರೆ ಸಾಲದು ಎಂದು ಬಾಗಿಲಲ್ಲಿದ್ದ ಕೌನ್ಸಿಲ್ಲಿನಾಕೆ ನಕ್ಕರು.

ಬಾಗಿಲು ಮುಚ್ಚಿದವಳೇ ಕೇಳಿದೆ: "ಡಾಕ್ಟ್ರೇ, ಹದ್ನಾಲ್ಕು ವರ್ಷ ಪೇಶೆಂಟ್ ಮನೇಲೇ ಇದ್ಲಲ್ಲ, ಕಣ್ಣಿಗೆ ಬೀಳ್ಲಿಲ್ವಾ?"

"ಪೇಶೆಂಟೂ ಬಾಯಿ ಬಿಡ್ಲಿಲ್ಲ ಕಣೇ!"

ಅಂದೇ ಮಧ್ಯಾಹ್ನ ನಾನೇ ಕೂತು ಹೆಸರು ನೋಂದಾಯಿಸಿದೆ.

ಚುನಾವಣೆಯ ಬೆಳಿಗ್ಗೆ ಯಜಮಾನರು, "ಗುರುತಿಗೆ ಡ್ರೈವಿಂಗ್ ಲೈಸೆನ್ಸ್ ತಗೋ, ತಂಟೆ ಇರಲ್ಲ," ಎಂದರು.

"ಬೇಡ. ಯಾವ ಪಾಸ್‌ಪೋರ್ಟ್ ಹೇಳಿ ನನ್ನ ಪಟ್ಟಿಯಿಂದ ಬಿಟ್ರೋ, ಅದನ್ನೇ ತೋರಿಸ್ತೀನಿ."

ಚರ್ಚ್ ಹಾಲ್‌ನಲ್ಲಿ ಮತ ಹಾಕುವ ನನ್ನ ಸರದಿ ಬಂತು. ಮೇಜಿನ ಹಿಂದಿದ್ದವರು ನನ್ನ ನೀಲಿ ಪಾಸ್‌ಪೋರ್ಟ್ ತೆರೆದು, ಫೋಟೋ ನೋಡಿ, ಮುಖ ನೋಡಿ, ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆದರು. ನಾನು ಅಭ್ಯಾಸಬಲದಿಂದ ಎಡಗೈಯ ತೋರುಬೆರಳು ಚಾಚಿದೆ. ಮಸಿ ಎಲ್ಲಿದೆ ಇಲ್ಲಿ! ಅವರು ಬೆರಳನ್ನೊಮ್ಮೆ ನೋಡಿ, ಮತಪತ್ರವನ್ನು ಅದೇ ಕೈಗೆ ಕೊಟ್ಟರು. ದಾರದಲ್ಲಿ ಕಟ್ಟಿದ್ದ ಪೆನ್ಸಿಲಿನಿಂದ ಗುರುತು ಹಾಕಿ ಬಂದೆ.

ಮುಂದಿನ ವರ್ಷದ ಕಾಗದ ಬಂದಾಗ ಯಜಮಾನರು ಅಡುಗೆಮನೆಗೇ ತಂದರು. "ಬಾರೇ, ನೀನೇ ನೋಡಿ ಹೇಳು."

ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, ಎರಡು ಹೆಸರುಗಳನ್ನೂ ಗಟ್ಟಿಯಾಗಿ ಓದಿದೆ.

"ಸರಿಯಿದೆ," ಎಂದೆ.