ಬಟ್ಟೆಯ ಆಚೆ ಬದಿ

ಮಗ್ಗಕ್ಕೆ ಬಿಡುವ ಎಣ್ಣೆ, ದೀಪದ ಕಪ್ಪು, ಹಳೆಯ ರಟ್ಟು. ಈ ಮೂರೂ ಕಲೆತರೆ ಎಂಥ ವಾಸನೆ ಬರುತ್ತದೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದರೂ ಅದನ್ನು ಸುವಾಸನೆ ಅಂತ ಯಾರೂ ಕರೆಯಲಾರರು. ಹೋದ ತಿಂಗಳು ಅಮ್ಮನ ಟ್ರಂಕಿನ ತಳದಲ್ಲಿದ್ದ ಸೀರೆಪೆಟ್ಟಿಗೆಯೊಂದರ ಮುಚ್ಚಳ ತೆಗೆದೆ ನೋಡಿ, ಆ ವಾಸನೆ ಮೂಗಿಗೆ ಬಡಿದ ಕೂಡಲೇ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಪೆಟ್ಟಿಗೆಯ ಒಳಗೆಲ್ಲ ಕಪ್ಪು ಬಳಿದಿತ್ತು. ಒಂದು ಬದಿಯಲ್ಲಿ ದುಂಡಗೆ ಕೊರೆದ ತೂತು, ಆ ತೂತಿನಲ್ಲಿ ಅಜ್ಜಿಯ ಭೂತಗನ್ನಡಿ. ಅದರ ಹಿಡಿ ಮುರಿದು, ಸುತ್ತ ಮೇಣ ಮೆತ್ತಿ ಕೂರಿಸಿದ್ದು ನನ್ನ ಸೀನಚಿಕ್ಕಪ್ಪ. ಮೇಣದ ಮೇಲೆ ಅವನ ಹೆಬ್ಬೆಟ್ಟಿನ ಗುರುತು ಇನ್ನೂ ಹಾಗೇ ಇತ್ತು.

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ನಮ್ಮದೂ ಒಂದು ಮನೆ ಇತ್ತು. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು, ಮನೆಮನೆಯಲ್ಲೂ ಕರೆಂಟಿನ ಮಗ್ಗ. ಎಡಗಡೆಯವರ ಮಗ್ಗ ಓಡಿದರೆ ನಮ್ಮ ಅಡುಗೆಮನೆಯ ತಟ್ಟೆಗಳು ಗಲಗಲ ಅನ್ನುತ್ತಿದ್ದವು. ಬಲಗಡೆಯವರದು ಓಡಿದರೆ ಲೋಟದಲ್ಲಿದ್ದ ಹಾಲು ನಡುಗುತ್ತಿತ್ತು. ಆ ಸದ್ದಿನಲ್ಲಿ ಬೆಳೆದ ನಾವೆಲ್ಲ ಇವತ್ತಿಗೂ ಪಕ್ಕದಲ್ಲಿ ಕೂತವರ ಹತ್ತಿರ ಕೂಗಿಯೇ ಮಾತಾಡುತ್ತೇವೆ. ಮದುವೆಮನೆಗಳಲ್ಲಿ ಜನ ತಿರುಗಿ ನೋಡುತ್ತಾರೆ, ನೋಡಿಕೊಳ್ಳಲಿ. ಅಪ್ಪ ಮಗ್ಗ ನಡೆಸುತ್ತಿದ್ದ, ಅವನ ತಮ್ಮ ಸೀನಚಿಕ್ಕಪ್ಪ ಮಗ್ಗ ಕೆಟ್ಟರೆ ಬಿಚ್ಚಿ ಜೋಡಿಸುತ್ತಿದ್ದ. ಅವರಿಬ್ಬರ ತಂಗಿ ಸರೋಜತ್ತೆ ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದಳು. ಕುಚ್ಚಿನ ದುಡ್ಡಲ್ಲೇ ಅವಳು ಒಂದು ಟಚ್ ಫೋನು ಕೊಂಡಿದ್ದಳು. ಉಳಿದವರ ಹತ್ತಿರ ಬಟನ್ ಫೋನು ಇದ್ದ ಕಾಲ ಅದು. ನಮ್ಮ ಮನೆಯ ಶೋಕಿ ಪೂರಾ ಅವಳೊಬ್ಬಳದೇ.

ಆ ಸರೋಜತ್ತೆ ಡೆಂಗ್ಯೂ ಜ್ವರ ಬಂದು ತೀರಿಕೊಂಡಳು. ಸಕ್ಕರೆ ಕಾಯಿಲೆಯ ಅಜ್ಜಿ ಆಗ ಕಾಲಿನ ಗಾಯಕ್ಕೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದಳು. "ಈಗ್ಲೇ ಹೇಳಿದ್ರೆ ಅವ್ವ ತಡ್ಕೊಳ್ಳಲ್ಲ" ಅಂತ ಅಪ್ಪ ತೀರ್ಮಾನ ಮಾಡಿದ. ಮಣ್ಣೂ ಆಯಿತು, ತಿಥಿಯೂ ಆಯಿತು. ಅಜ್ಜಿ ಮನೆಗೆ ಬಂದು ಹೊಸಿಲು ದಾಟಿ, "ಸರೋಜಿ ಎಲ್ಲೇ?" ಅಂತ ಕೇಳಿದ ಆ ಗಳಿಗೆಯನ್ನು ನಾನು ಬರೆಯಲಾರೆ. ಅವತ್ತಿನಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ಅಪ್ಪ ಎದುರಿಗೇ ಕೂತಿದ್ದರೂ, "ಪುಟ್ಟಿ, ನಿಮ್ಮಪ್ಪಂಗೆ ಹೇಳು, ಮಾತ್ರೆ ಮುಗ್ದವೆ" ಅನ್ನುತ್ತಿದ್ದಳು. ಕೇಳಿಸಿಕೊಂಡಿದ್ದರೂ ಅಪ್ಪ ನಾನು ಹೇಳುವವರೆಗೆ ಕಾಯುತ್ತಿದ್ದ. ಅಜ್ಜಿ ಹೇಳಿದ್ದನ್ನು ಎರಡು ಮಾರು ದೂರದ ಅಪ್ಪನಿಗೆ ಮುಟ್ಟಿಸುವುದು ನನ್ನ ಕೆಲಸ. ಇಸ್ಕೂಲಿಗೆ ಹೋಗುವ ಹುಡುಗಿಗೆ ಅಂಥ ಕೆಲಸ ಕೊಡಬಾರದು.

ಅಷ್ಟರಲ್ಲಿ ಅಜ್ಜಿಯ ಕಣ್ಣೂ ಮಂಜಾಗುತ್ತ ಬಂತು. ಇರುವ ದೃಷ್ಟಿಯೂ ಹೆಚ್ಚು ದಿನ ಉಳಿಯುವುದಿಲ್ಲ ಅಂದುಬಿಟ್ಟರು ಡಾಕ್ಟರು. ಎಳೆ ತುಂಡಾದ ಜಾಗ ಹುಡುಕಲು ಅವಳು ಇಟ್ಟುಕೊಂಡಿದ್ದ ಭೂತಗನ್ನಡಿಯೂ ಉಪಯೋಗಕ್ಕೆ ಬಾರದಾಯಿತು. ದೊಡ್ಡದು, ಬೆಳಕಿನದು, ಹತ್ತಿರದ್ದು ಮಾತ್ರ ಕಾಣುತ್ತಿತ್ತು. ಒಂದು ದಿನ ಅವಳು ಗೋಡೆಯ ಮೇಲಿನ ಹಾರ ಹಾಕಿದ ಫೋಟೋದ ಕಡೆ ಕೈ ತೋರಿಸಿ, "ಅದು ಸ್ಟುಡಿಯೋದವ್ನು ಪೌಡ್ರು ಬಳ್ದು ಕೂರ್ಸಿದ್ದು. ಅವ್ಳು ನಡ್ಯೋದು, ನಗೋದು ನಂಗೆ ಮರ್ತೋಗ್ತಾ ಐತೆ ಕಣ್ ಸೀನ. ಪೂರಾ ಮರ್ಯೋಕ್ ಮುಂಚೆ ಒಂದ್ಸಲ ತೋರ್ಸು" ಅಂದಳು. ತೋರಿಸಲು ಇದ್ದದ್ದು ಒಂದೇ. ಸರೋಜತ್ತೆಯ ಫೋನಿನಲ್ಲಿ, ಹೊಸದಾಗಿ ತಂದ ದಿನ ಚಿಕ್ಕಪ್ಪ ತೆಗೆದ ಸಣ್ಣ ವಿಡಿಯೋ. ಫೋನೋ, ಅತ್ತೆಯ ಹಿಂದೆಯೇ ಹೊರಟಂತಿತ್ತು. ಟಚ್ ಒಂದು ಮೂಲೆಯಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು, ಚಾರ್ಜರಿನ ತಂತಿಯನ್ನು ರಬ್ಬರ್ ಬ್ಯಾಂಡು ಹಾಕಿ ಒತ್ತಿ ಹಿಡಿದರೆ ಮಾತ್ರ ಜೀವ ಬರುತ್ತಿತ್ತು, ಬಂದ ಜೀವವೂ ಸ್ವಲ್ಪ ಹೊತ್ತಿಗೇ ಹೋಗುತ್ತಿತ್ತು. ರಿಪೇರಿಯವನು, "ಬಿಚ್ಚಿದ್ರೆ ಇರೋದೂ ಹೋಗತ್ತೆ ಗುರು" ಅಂದಿದ್ದ. ಬೇರೆ ಯಾರದಾದರೂ ಫೋನು ತಂದು ಅದನ್ನೇ ಚಿತ್ರ ತೆಗೆದಿಟ್ಟುಕೊಳ್ಳಬಹುದಿತ್ತು ಅಂತ ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಆಗ ಯಾರ ತಲೆಗೂ ಅದು ಬರಲಿಲ್ಲ.

ಫೋನಿನ ಅಂಗೈಯಷ್ಟಗಲದ ಚಿತ್ರವನ್ನು ಬಟ್ಟೆಯ ಮೇಲೆ ದೊಡ್ಡದು ಮಾಡುತ್ತೇನೆಂದು ಚಿಕ್ಕಪ್ಪ ಹೊರಟ. ಸಾಮಾನು ಅಂತ ಇದ್ದದ್ದು ಮಗ್ಗ ರಿಪೇರಿಯ ಸ್ಪ್ಯಾನರು, ಸೀರೆ ಕತ್ತರಿಸುವ ಕತ್ತರಿ, ಒಂದು ಟಾರ್ಚು, ಇಷ್ಟೇ. ಮೊದಲ ಪೆಟ್ಟಿಗೆಯನ್ನು ಅವನು ಅಟ್ಟದಲ್ಲಿ ಬಿದ್ದಿದ್ದ ಡಿಸೈನು ರಟ್ಟುಗಳಿಂದ ಮಾಡಿದ. ಸೀರೆಯ ಹೂಬಳ್ಳಿ ಎಲ್ಲೆಲ್ಲಿ ಏಳಬೇಕೆಂದು ಮಗ್ಗಕ್ಕೆ ಹೇಳಲು ತೂತು ತೂತು ಹೊಡೆದ ಗಟ್ಟಿ ರಟ್ಟುಗಳು ಅವು. ಹುಟ್ಟಿದಾಗಿನಿಂದ ನೋಡಿ ನೋಡಿ ನಮಗೆ ಅದು ರಟ್ಟಾಗಿ ಕಾಣುತ್ತಿತ್ತೇ ಹೊರತು ತೂತಾಗಿ ಕಾಣುತ್ತಿರಲಿಲ್ಲ. ಟಾರ್ಚು ಒಳಗಿಟ್ಟು ಹಚ್ಚಿದರೆ ಗೋಡೆ, ಸೂರು, ಅಮ್ಮನ ಮುಖ ಎಲ್ಲದರ ಮೇಲೂ ಬೆಳಕಿನ ಚುಕ್ಕಿ. "ಥೂ, ಗಣೇಶನ್ ಪೆಂಡಾಲ್ ಆಗೋಯ್ತಲ್ಲೋ" ಅಂತ ಅಮ್ಮ ನಕ್ಕಳು. ಅತ್ತೆ ಹೋದ ಮೇಲೆ ಆ ಮನೆಯಲ್ಲಿ ಕೇಳಿಸಿದ ಮೊದಲ ನಗು ಅದೇ ಇರಬೇಕು. ಆಮೇಲೆ ಎರಡು ಸೀರೆಪೆಟ್ಟಿಗೆ ತಂದು, ಬೆಂಕಿಪೊಟ್ಟಣದ ಹಾಗೆ ಒಂದರೊಳಗೊಂದು ಜಾರುವಂತೆ ಕೂರಿಸಿದ. ಬೆಳಕು ಚದುರದ ಹಾಗೆ ಒಳಗೆಲ್ಲ ದೀಪದ ಕಪ್ಪನ್ನು ಮಗ್ಗದ ಎಣ್ಣೆಯಲ್ಲಿ ಕಲೆಸಿ ಬಳಿದ. ಅಜ್ಜಿ ತಾನಾಗಿಯೇ ಭೂತಗನ್ನಡಿ ಕೊಟ್ಟಳು. ಫೋನು ಒಳಪೆಟ್ಟಿಗೆಯಲ್ಲಿ, ಭೂತಗನ್ನಡಿ ಹೊರಪೆಟ್ಟಿಗೆಯಲ್ಲಿ. ಒಳಗಿನದನ್ನು ಹಿಂದೆ ಮುಂದೆ ಜಾರಿಸಿದರೆ ಚಿತ್ರ ಒಂದು ಜಾಗದಲ್ಲಿ ಚೊಕ್ಕವಾಗುತ್ತದೆ.

ಫೋನಿನ ಆಯಸ್ಸು ಉಳಿಸಬೇಕಿತ್ತಲ್ಲ, ಪರೀಕ್ಷೆಗೆಲ್ಲ ಟಾರ್ಚೇ. ಅದರ ಬಾಯಿಗೆ ಒಂದಿಷ್ಟು ಎಳೆ ಕಟ್ಟಿ, ಎಳೆಗಳು ಬಟ್ಟೆಯ ಮೇಲೆ ಹಗ್ಗದಷ್ಟು ದಪ್ಪಗೆ, ಸ್ವಚ್ಛವಾಗಿ ಕಾಣುವವರೆಗೆ ಪೆಟ್ಟಿಗೆ ಜಾರಿಸಿದೆವು. ನೇಕಾರರ ಕಣ್ಣಿಗೆ ಎಳೆಗಿಂತ ಒಳ್ಳೆಯ ಅಳತೆ ಯಾವುದಿದೆ? ನಾನು ಟಾರ್ಚಿನ ಬಾಯಿಗೆ ಮೇಲಿಂದ ಬೆರಳು ಅಡ್ಡ ಇಟ್ಟರೆ ಬಟ್ಟೆಯ ಮೇಲೆ ಅದರ ನೆರಳು ಕೆಳಗಿಂದ ಬಂತು. ಫೋನನ್ನು ತಲೆಕೆಳಗೆ ಇಡಬೇಕೆಂದು ಅಷ್ಟರಿಂದ ತಿಳಿಯಿತು. ಎಡಬಲದ ಯೋಚನೆ ಬರಲಿಲ್ಲ. ಎಳೆಗೆ ಎಡವೇನು, ಬಲವೇನು?

ಕಷ್ಟ ಇದ್ದದ್ದು ಬೇರೆ ಕಡೆ. ಮಗ್ಗ ಓಡುತ್ತಿದ್ದರೆ ಪೆಟ್ಟಿಗೆ ನಡುಗುತ್ತದೆ, ಚಿತ್ರ ಕದಡಿಹೋಗುತ್ತದೆ. ನಮ್ಮ ಮಗ್ಗ ನಿಲ್ಲಿಸಿ ಪ್ರಯೋಜನವಿಲ್ಲ, ಬೀದಿಗೆ ಬೀದಿಯೇ ನಿಲ್ಲಬೇಕು. ಅದು ನಿಲ್ಲುವುದು ಕರೆಂಟು ಹೋದಾಗ ಮಾತ್ರ. ಕರೆಂಟು ಹೋಯಿತೆಂದರೆ ಊರೆಲ್ಲ ಶಾಪ ಹಾಕುತ್ತಿದ್ದ ಊರಿನಲ್ಲಿ, ಕರೆಂಟು ಹೋಗಲಪ್ಪಾ ದೇವರೇ ಅಂತ ಕೈ ಮುಗಿದವರು ನಾವೇ ಇರಬೇಕು. ಅಪ್ಪನಿಗೆ ಇದೊಂದೂ ಇಷ್ಟವಿರಲಿಲ್ಲ. "ಅದ್ನ ನೋಡಿ ಅವ್ವಂಗೇನಾದ್ರೂ ಆದ್ರೆ? ಯಾರ್ ಹೊಣೆ?" ಅಂತ ಚಿಕ್ಕಪ್ಪನ ಮೇಲೆ ಹಾರಾಡಿದ. ಚಿಕ್ಕಪ್ಪ ತಲೆ ಎತ್ತಲಿಲ್ಲ. "ಹೋದ್ಸಲ ನೀನು ಹೊಣೆ ಹೊತ್ಕೊಂಡೆ, ಈ ಸಲ ನಾನು ಹೊತ್ಕೋತೀನಿ ಬಿಡಣ್ಣ" ಅಂದ. ಅಪ್ಪ ಎದ್ದು ಹೊರಗೆ ಹೋದ.

ದಿನಾ ಫೋನಿಗೆ ರಬ್ಬರ್ ಬ್ಯಾಂಡು ಹಾಕಿ ಜೀವ ತುಂಬಿಸುವುದು, ಕರೆಂಟು ಹೋಗುವುದನ್ನು ಕಾಯುವುದು. ಕರೆಂಟು ಹೋದರೆ ಫೋನು ತುಂಬಿರುತ್ತಿರಲಿಲ್ಲ, ಫೋನು ತುಂಬಿದ್ದರೆ ಕರೆಂಟು ಹಾಳಾದ್ದು ಹೋಗುತ್ತಲೇ ಇರಲಿಲ್ಲ. ಅಜ್ಜಿ ಬೆಳಗ್ಗೆಯೇ ತಲೆ ಬಾಚಿಕೊಂಡು ಕೂರುತ್ತಿದ್ದಳು, ಮನೆಗೆ ಯಾರೋ ಬರುವವರಿದ್ದಾರೆ ಅನ್ನುವ ಹಾಗೆ. ಅನ್ನದ ತಟ್ಟೆಯ ಅಂಚು ಸಿಗದೆ ಅವಳ ಕೈ ನೆಲ ತಡವುವುದನ್ನು ನೋಡಿದಾಗೆಲ್ಲ ನಾನು ಲೆಕ್ಕ ಹಾಕುತ್ತಿದ್ದೆ. ಮೊದಲು ಯಾವುದು ಆರಿಹೋಗುತ್ತದೆ, ಫೋನೋ ಅವಳ ಕಣ್ಣೋ ಅಂತ.

ಒಂದು ಭಾನುವಾರ ಮಧ್ಯಾಹ್ನ ಮಗ್ಗಗಳು ಒಮ್ಮೆಗೇ ನಿಂತವು. ಕಿವಿಯಲ್ಲಿ ಗುಂಯ್ ಅನ್ನುವ ಮೌನ. "ಫೋನು!" ಅಂತ ಚಿಕ್ಕಪ್ಪ ಕೂಗಿದ. ಅಮ್ಮ ಕಿಟಕಿಗಳಿಗೆ ಕಂಬಳಿ ಕಟ್ಟಿದಳು, ಬಾಗಿಲ ಸಂದಿಗೆ ಗೋಣಿ ತುರುಕಿದಳು. ಕೋಣೆಯ ನಡುವೆ ಬಣ್ಣ ಹಾಕದ ತೆಳ್ಳನೆ ಬಿಳಿ ಬಟ್ಟೆ ಕಟ್ಟಿಯೇ ಇತ್ತು. ಪೆಟ್ಟಿಗೆಯ ಕಡೆಯೇ, ಬಟ್ಟೆಗೆ ಮುಖ ತಾಗುವಷ್ಟು ಹತ್ತಿರ, ಬೆಳಕಿಗೆ ಅಡ್ಡವಾಗದಂತೆ ಒಂದು ಪಕ್ಕಕ್ಕೆ, ಸ್ಟೂಲಿನ ಮೇಲೆ ಅಜ್ಜಿ. ಪೆಟ್ಟಿಗೆ ಅಲುಗದ ಹಾಗೆ ಎರಡೂ ಕೈಯಲ್ಲಿ ಹಿಡಿದು ನಾನು. ಅಪ್ಪ ಬಾಗಿಲ ಹತ್ತಿರ ನಿಂತಿದ್ದ, ಒಳಗೂ ಅಲ್ಲ ಹೊರಗೂ ಅಲ್ಲ. ಚಿಕ್ಕಪ್ಪ ಫೋನಿನ ಮೂಲೆ ಒತ್ತಿದ. ಮೊದಲು ಬಂದದ್ದು ಸದ್ದು. ಕರೆಂಟಿಲ್ಲದ ಬೀದಿಯಲ್ಲಿ, ನಿಂತುಹೋದ ಮನೆಯಲ್ಲಿ, ಪೆಟ್ಟಿಗೆಯೊಳಗಿಂದ ಮಗ್ಗ ಓಡುವ ಸದ್ದು. ಆಮೇಲೆ ಬಟ್ಟೆಯ ಮೇಲೆ ಮಬ್ಬು ಬೆಳಕು, ಬೆಳಕಿನೊಳಗೆ ಮೊರದಗಲದ ಮುಖ. ಸರೋಜತ್ತೆ! ಆಗತಾನೇ ಮಗ್ಗದಿಂದ ಇಳಿಸಿದ ಗಿಳಿಸೆರಗಿನ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು, ಆ ಕಡೆಗೆ ಈ ಕಡೆಗೆ ನಡೆಯುತ್ತ, "ಅವ್ವಾ, ಇದನ್ನ ಮಾರ್ಬೇಡ, ನಾನೇ ಇಟ್ಕೋತೀನಿ" ಅನ್ನುತ್ತಿದ್ದಾಳೆ, ಮಗ್ಗದ ಸದ್ದಿನಡಿ ಆ ಮಾತು ಪೆಟ್ಟಿಗೆ ಹಿಡಿದ ನನಗೇ ಕೇಳಿಸಿತೋ ಇಲ್ಲವೋ ಅನ್ನುವಷ್ಟು. ನನಗೆ ಅಳು ಬಂತು. ಕೈ ಅಲುಗಬಾರದೆಂದು ತುಟಿ ಕಚ್ಚಿಕೊಂಡೆ.

ಅಜ್ಜಿ ಅಳಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದಳು, ನೋಡಿದಳು. "ಯಾರ್ಲಾ ಇವ್ಳು?" ಅಂದಳು. "ಬಲ ಹೆಗಲ ಮೇಲೆ ಸೆರಗು ಹಾಕವ್ಳೆ. ಯಾವ್ ಸೇಟಮ್ಮನ್ನ ತಂದ್ ತೋರಿಸ್ತಿದೀಯೋ? ನನ್ ಮಗಳಲ್ಲ ಇವ್ಳು." ವಿಡಿಯೋ ಮುಗಿದು ಕತ್ತಲಾಯಿತು. "ಹೇಳ್ಲಿಲ್ವಾ ನಾನು? ಸಾಕು, ತೆಗೀರಿ ಕಂಬ್ಳಿ!" ಅಂತ ಅಪ್ಪ ಒಳಕ್ಕೆ ನುಗ್ಗಿದ. ಫೋನಿನ ಬ್ಯಾಟರಿ ಗುರುತು ಕೆಂಪಾಗಿತ್ತು. ನನಗಂತೂ ಅಜ್ಜಿಯ ತಲೆ ಕೆಟ್ಟಿತೋ, ಕಣ್ಣು ಪೂರ್ತಿ ಹೋಯಿತೋ ಅಂತ ಭಯ. ಅಜ್ಜಿ ಮಾತ್ರ ಬಟ್ಟೆಯನ್ನು ಬೆರಳಲ್ಲಿ ತಡವುತ್ತ ಕೂತಿದ್ದಳು. "ಗಿಳಿ ಕೊಕ್ಕು ಆ ಕಡೆ ಇರ್ಬೇಕಿತ್ತು" ಅಂತ ತನಗೇ ಹೇಳಿಕೊಂಡಳು. ಆಮೇಲೆ ಗಟ್ಟಿಯಾಗಿ, "ಲೋ, ಬಟ್ಟೆ ಉಲ್ಟಾ ಕಡೆ ನನ್ನ ಕೂರ್ಸಿದೀರಲ್ಲೋ!" ಅಂದಳು.

ಅಜ್ಜಿ ಹರೆಯದಲ್ಲಿ ನೆಲದ ಗುಂಡಿಗೆ ಕಾಲಿಳಿಬಿಟ್ಟು ಕೂತು ನೇಯ್ದ ಗುಂಡಿಮಗ್ಗದಲ್ಲಿ ಸೀರೆಯ ಮುಖ ಕೆಳಗಡೆ ಇರುತ್ತಿತ್ತು. ನೇಯುವವರಿಗೆ ಕಾಣುವುದು ಬೆನ್ನು. ಮುಖ ನೋಡಬೇಕೆಂದರೆ ಕೆಳಗೆ ಕನ್ನಡಿ ಹಿಡಿಯಬೇಕು. ಅರ್ಧ ಆಯಸ್ಸು ಹಾಗೆ ಬಗ್ಗಿ ನೋಡಿದವಳಿಗೆ ಬಟ್ಟೆಯ ಒಂದು ಬದಿಯ ಎಡ ಇನ್ನೊಂದು ಬದಿಗೆ ಬಲ ಅನ್ನುವುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ಎದ್ದಳು, ಗಾಯದ ಕಾಲು ತಡವರಿಸಿತು. ಕತ್ತಲಲ್ಲಿ ಕೈ ಚಾಚಿದಳು, ಹತ್ತಿರ ಇದ್ದವನು ಅಪ್ಪ. "ಗೋವಿಂದ, ಆಚೆ ಕಡೆ ಕರ್ಕೊಂಡ್ ಹೋಗಪ್ಪ" ಅಂದಳು. ನನ್ನನ್ನು ನಡುವೆ ಕರೆಯದೆ ಅವನಿಗೆ ಆಡಿದ ಮಾತು. ಇಬ್ಬರೂ ಬಟ್ಟೆಯ ಹಿಂದಕ್ಕೆ ಹೋದರು. ಚಿಕ್ಕಪ್ಪ ಮತ್ತೆ ಮೂಲೆ ಒತ್ತಿದ. ಬರಲಿಲ್ಲ. ಮತ್ತೆ ಒತ್ತಿದ, ಶರ್ಟಿಗೆ ಬೆರಳಿನ ಬೆವರು ಒರೆಸಿಕೊಂಡು ಇನ್ನೊಮ್ಮೆ ಒತ್ತಿದ. ಬಂತು. ಮಗ್ಗದ ಸದ್ದು, ಬೆಳಕು, ನಡೆಯುವ ಅತ್ತೆ. ಬಟ್ಟೆಯ ಆಚೆಯಿಂದ ಅಜ್ಜಿಯ ದನಿ, "ಅಯ್ಯೋ, ಸರೋಜೀ." ಅತ್ತೆಯ ಕೆನ್ನೆಯ ಜಾಗದಲ್ಲಿ ಬಟ್ಟೆ ಅಂಗೈಯಷ್ಟು ಈಚೆಗೆ ಉಬ್ಬಿಕೊಂಡು ಬಂತು. ಅತ್ತೆ ಪಕ್ಕಕ್ಕೆ ಹೋದರೆ ಆ ಉಬ್ಬೂ ಅವಳ ಹಿಂದೆ ಸರಿಯಿತು. ನನಗೂ ಓಡಿಹೋಗಿ ಆಚೆ ನಿಂತು ನೋಡಬೇಕೆನ್ನಿಸಿತು. ಪೆಟ್ಟಿಗೆ ಬಿಟ್ಟರೆ ಚಿತ್ರ ಹೋಗುತ್ತದೆ. ಹಿಡಿದೇ ನಿಂತೆ. "ನಾನೇ ಇಟ್ಕೋ" ಅನ್ನುವಷ್ಟರಲ್ಲಿ ಫೋನು ಆರಿತು.

ಕತ್ತಲಲ್ಲಿ ಅಜ್ಜಿ ಅಪ್ಪನಿಗೆ ಏನೋ ಹೇಳಲು ಶುರುಮಾಡಿದಳು. ಅದೇ ಹೊತ್ತಿಗೆ ಕರೆಂಟು ಬಂತು, ಬೀದಿಯ ಮಗ್ಗಗಳೆಲ್ಲ ಒಟ್ಟಿಗೇ ಎದ್ದವು. ಒಂದಕ್ಷರ ಕೇಳಿಸಲಿಲ್ಲ. ಹೊರಗೆ ಬಂದಾಗ ಅಪ್ಪನ ಮುಖ ಒದ್ದೆಯಾಗಿತ್ತು, ಅಜ್ಜಿಯ ಕೈ ಇನ್ನೂ ಅವನ ಕೈಯಲ್ಲೇ ಇತ್ತು. ಅವತ್ತು ಸಂಜೆ, "ಗೋವಿಂದ, ಮಾತ್ರೆ ಕೊಡು" ಅಂದಳು. ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಫೋನಿಗೆ ಆಮೇಲೆ ಏನು ಮಾಡಿದರೂ ಜೀವ ಬರಲಿಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ಅಜ್ಜಿಯ ಕಣ್ಣೂ ಪೂರ್ತಿ ಹೋಯಿತು. ಅವಳು ಅದಕ್ಕೆ ಅಷ್ಟೇನೂ ಮರುಗಲಿಲ್ಲ.

ಈಗ ಅಜ್ಜಿ ಇಲ್ಲ. ಮಗ್ಗಗಳು ಗುಜರಿಗೆ ಹೋದವು, ಆ ಜಾಗದಲ್ಲಿ ಯಾರದೋ ಅಂಗಡಿಮಳಿಗೆ ಎದ್ದಿದೆ. ಅದರ ಮುಂದೆ ನಿಂತರೆ ಕಾಲಡಿ ನೆಲ ಅಲುಗುವುದೇ ಇಲ್ಲ, ನಿಮ್ಮಾಣೆ, ನನಗೆ ಅದೇ ಭಯವಾಗುತ್ತದೆ. ಅಂದು ಅಜ್ಜಿ ಏನಂದಳೆಂದು ಅಪ್ಪನನ್ನು ಒಂದು ಸಲ ಕೇಳಿದೆ. "ಮಗ್ಗದ್ ಸದ್ದಲ್ಲಿ ನಂಗೂ ಸರ್ಯಾಗಿ ಕೇಳಿಸ್ಲಿಲ್ಲ ಪುಟ್ಟಿ" ಅಂದ. ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದವನಿಗೆ ಕೇಳಿಸಲಿಲ್ಲವಂತೆ! ನಾನು ನಂಬಲಿಲ್ಲ, ಮತ್ತೆ ಕೇಳಲೂ ಇಲ್ಲ.

ನನಗೆ ಉಳಿದ ಸರೋಜತ್ತೆ ಬಟ್ಟೆಯ ಈ ಬದಿಯವಳು. ಎಷ್ಟು ನೆನೆದರೂ ಅವಳ ಸೆರಗು ಬಲ ಹೆಗಲ ಮೇಲೆಯೇ ಇರುತ್ತದೆ, ಗಿಳಿಗಳು ತಪ್ಪು ದಿಕ್ಕಿಗೆ ನೋಡುತ್ತಿರುತ್ತವೆ. ಸರಿಯಾದ ಮುಖ ಕಂಡವರು ಅಜ್ಜಿ ಮತ್ತು ಅಪ್ಪ. ಇದಕ್ಕೆ ನಾನು ಬಹಳ ದಿನ ಒಳಗೊಳಗೇ ಮುನಿಸಿಕೊಂಡಿದ್ದೆ. ಆ ಗಿಳಿಸೆರಗಿನ ಸೀರೆಯನ್ನು ಅಜ್ಜಿ ಮಾರಲಿಲ್ಲ, ನನಗೆ ಇಟ್ಟುಹೋದಳು. ಹೋದ ತಿಂಗಳು ಪೆಟ್ಟಿಗೆಯ ಕೆಳಗೆ ಅದೂ ಸಿಕ್ಕಿತು. ಉಟ್ಟು, ಎಲ್ಲರ ಹಾಗೆ ಎಡ ಹೆಗಲಿಗೆ ಸೆರಗು ಹಾಕಿಕೊಂಡು, ಬೀರುವಿನ ಕನ್ನಡಿಯ ಮುಂದೆ ನಿಂತೆ. ಕನ್ನಡಿಯೊಳಗೆ, ಬಲ ಹೆಗಲ ಮೇಲೆ ಸೆರಗು ಹಾಕಿಕೊಂಡು, ಅವಳು ನಿಂತಿದ್ದಳು.