ಹೋಳಿಗೆ ತಿಂದ ದಿನ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಹೊಟ್ಟೆಯ ಕಾಯಿಲೆಗೂ ಮೂಳೆಯ ಸವೆತಕ್ಕೂ ಇರುವ ನಂಟಿನ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಮಂಗಳವಾರ ಶಿರಸಿ, ಗುರುವಾರ ಸಿದ್ದಾಪುರ, ಶನಿವಾರ ಯಲ್ಲಾಪುರ. ತೂಕದ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಓಡಾಟ. ವರ್ಷಗಟ್ಟಲೆ ಭೇದಿ ನಿಲ್ಲದವರನ್ನು ಹುಡುಕಿ ಅವರ ರಕ್ತ, ಎಕ್ಸ್‌ರೇ, ಊಟತಿಂಡಿಯ ವಿವರ ಕಲೆಹಾಕುವುದು ನನ್ನ ಕೆಲಸ.

ಒಂದು ಗುರುವಾರ ಕೋಲಸಿರ್ಸಿಯಿಂದ ತಾಯಿಯೊಬ್ಬರು ಮಗಳನ್ನು ಕರೆತಂದರು. ಇಪ್ಪತ್ತಾರರ ಹೆಣ್ಣು, ಮೆಟ್ಟಿಲು ಹತ್ತುವಾಗ ತೊಡೆಯನ್ನು ಕೈಯಿಂದ ಎತ್ತಿ ಇಡುತ್ತಿದ್ದಳು. ಕಲಘಟಗಿ ಕಡೆಗೆ ಮದುವೆಯಾಗಿ ನಾಲ್ಕು ವರ್ಷ. ಅಲ್ಲಿ ಭೇದಿ, ಸೊಂಟನೋವು. ಹಿಂದಿನ ಮಳೆಗಾಲದಲ್ಲಿ ಹೊಸ್ತಿಲು ಎಡವಿದ್ದಕ್ಕೇ ಮಣಿಕಟ್ಟು ಮುರಿದಿತ್ತು.

"ಇದಕ್ಕೆ ಗಂಡನ ಮನೆಗೆ ಹೋಪ ಮನಸ್ಸೇ ಇಲ್ಲೆ ಡಾಕ್ಟ್ರಮ್ಮ," ಎಂದರು ತಾಯಿ. "ಇಲ್ಲಿಗೆ ಬಂದು ತಿಂಗಳಾದ್ರೆ ಹೊಟ್ಟೆ ಸರಿ ಆಗ್ತು. ಅಲ್ಲಿಗೆ ಹೋದ್ಕೂಡ್ಲೆ ಮತ್ತೆ ಶುರು."

ಮಗಳು ತಲೆ ಎತ್ತಲಿಲ್ಲ. "ಆನು ಹೇಳ್ತಾ ಇರದು ಸುಳ್ಳಲ್ಲ," ಎಂದಳು, ಅಷ್ಟೇ.

ನಾನೂ ತಾಯಿಯ ಮಾತನ್ನೇ ನಂಬಿದೆ. ಕಡತದಲ್ಲಿ 'ಮಾನಸಿಕ ಕಾರಣ ಇರಬಹುದು' ಎಂದು ಬರೆದೆ. ಆ ಸಾಲು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಆದರೂ ಸಂಶೋಧನೆಯ ಕ್ರಮದಂತೆ ಅವಳ ಕೈಗೊಂದು ನೋಟ್‌ಬುಕ್ ಕೊಟ್ಟು, ತಿಂದದ್ದನ್ನೆಲ್ಲ ಬರೆದಿಡಲು ಹೇಳಿದೆ.

ಮೂರು ತಿಂಗಳ ಮೇಲೆ ಅವಳು ಯಲ್ಲಾಪುರಕ್ಕೆ ಬಂದಳು, ಈ ಸಲ ಅತ್ತೆಯ ಜೊತೆ. ನೋಟ್‌ಬುಕ್ಕಿನ ಮೊದಲ ಭಾಗ ತವರಿನದು: ಅನ್ನ, ತಂಬುಳಿ, ದೋಸೆ, ಮಜ್ಜಿಗೆ, ಪಕ್ಕದಲ್ಲಿ 'ಹೊಟ್ಟೆ ಆರಾಮ'. ನಡುವೆ ಒಂದೇ ಒಂದು ಕೆಟ್ಟ ದಿನ. 'ಯುಗಾದಿ. ಹೋಳಿಗೆ ಮೂರು. ಸಂಜೆಯೊಳಗೆ ಆರು ಸಲ ಹೊರಕಡೆ.' ಮುಂದಿನ ಪುಟಗಳು ಗಂಡನ ಮನೆಯವು. ಎರಡೂ ಹೊತ್ತು ಚಪಾತಿ, ದಿನವೂ ಭೇದಿ.

ಹೋಳಿಗೆಯ ಕಣಕಕ್ಕೆ ಮೈದಾ. ಮೈದಾ ಎಂದರೆ ಗೋಧಿಯೇ. ನಾನು ಆ ಪುಟವನ್ನು ಮೂರು ಸಲ ಓದಿದೆ.

ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಇರಬಹುದೆಂದಾಗ ಹಿರಿಯ ವೈದ್ಯರೊಬ್ಬರು ನಕ್ಕರು. "ಅದು ಉತ್ತರ ಭಾರತದವರಿಗೆ ಬರೋದು. ಅನ್ನ ತಿನ್ನೋರಲ್ಲಿ ಯಾಕೆ ಹುಡುಕ್ತೀರಿ?" ಹುಬ್ಬಳ್ಳಿಯಲ್ಲಿ ಪರೀಕ್ಷೆ ಮಾಡಿಸಿದೆ. ಕರುಳಿನ ಒಳಪದರ ಪೂರಾ ಸವೆದುಹೋಗಿತ್ತು. ತಿಂದದ್ದರ ಸುಣ್ಣದಂಶ ಮೈಗೆ ಹತ್ತದೆ, ತೊಡೆಯ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬಿದ್ದಿತ್ತು.

ಅತ್ತೆಗೆ ಹೇಳಲು ನನಗೆ ಅಳುಕಿತ್ತು. ಆದರೂ ಎಲ್ಲವನ್ನೂ ಹೇಳಿದೆ.

"ಅಂದ್ರ ನಾನ ದಿನಾ ಬಡಿಸಿ ಬಡಿಸಿ ಆಕೀನ ಸೊರಗಿಸೇನೇನ್ರಿ?"

"ನಿಮಗೆ ಹೇಗೆ ಗೊತ್ತಾಗಬೇಕಿತ್ತು? ನನಗೇ ಗೊತ್ತಾಗಲಿಲ್ಲ," ಎಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ನಮ್ಮ ಮನಿಯವರಿಗೆ ಸಕ್ರಿ ಕಾಯಿಲೆ ಅಂತ ಡಾಕ್ಟರು ಚಪಾತಿ ತಿನ್ನಂದ್ರು. ಅವತ್ತಿಂದ ರೊಟ್ಟಿ ಬಿಟ್ಟಿದ್ವಿ. ನಾಳಿಂದ ಜ್ವಾಳದ ರೊಟ್ಟಿ ಬಡೀತೀನಿ. ಆಕೀಗಷ್ಟ ಬ್ಯಾರೆ ಮಾಡೂದಿಲ್ಲ, ಎಲ್ಲಾರಿಗೂ ಅದ."

ಸೊಸೆ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಅಷ್ಟು ದಿನಗಳಲ್ಲಿ ಅವಳು ಅತ್ತದ್ದನ್ನು ನಾನು ಕಂಡದ್ದು ಆಗ ಮಾತ್ರ.

ತಿಂಗಳೊಪ್ಪತ್ತಿನಲ್ಲಿ ಭೇದಿ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಏಕೆಂದು ನನಗೆ ತಿಳಿಯಲಿಲ್ಲ. ಕಂಡುಹಿಡಿದವರು ಅತ್ತೆ. "ಡಾಕ್ಟರ್ರೀ, ಇಂಗಿನೊಳಗೂ ಮೈದಾ ಕಲಸ್ತಾರಂತಲ್ರಿ! ಕಿರಾಣಿ ಅಂಗಡಿಯವ ಹೇಳಿದ. ನಿಮಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಅವರು ಒಗ್ಗರಣೆಗೆ ಇಂಗು ಬಿಟ್ಟು ಬೆಳ್ಳುಳ್ಳಿ ಹಾಕತೊಡಗಿದ್ದರು, ಭೇದಿಯೂ ನಿಂತಿತ್ತು. ಅಂದಿನಿಂದ ಶಿರಸಿಯಲ್ಲೂ ಸಿದ್ದಾಪುರದಲ್ಲೂ ರೋಗಿಗಳನ್ನು ಇಂಗಿನ ಬಗ್ಗೆಯೂ ಕೇಳತೊಡಗಿದೆ. ಹಾಗೆ ಕೇಳುತ್ತ ಶಿರಸಿಯಲ್ಲಿ ಇದೇ ಕಾಯಿಲೆಯ ಇನ್ನಿಬ್ಬರು ಸಿಕ್ಕರು.

ವರ್ಷ ಕಳೆದು ತೆಗೆದ ಎಕ್ಸ್‌ರೇಯಲ್ಲಿ ಬಿರುಕು ಕೂಡಿಕೊಂಡಿತ್ತು. ಅವಳು ಹೊರಗೆ ಕಟ್ಟೆಯ ಮೇಲೆ ಕಾಲು ಮಡಚಿ ಕೂತು, ಅತ್ತೆ ತಂದ ಬುತ್ತಿ ಬಿಚ್ಚುತ್ತಿದ್ದಳು. "ಡಾಕ್ಟ್ರಮ್ಮ, ನಿಂಗಕ್ಕೂ ಒಂದು ರೊಟ್ಟಿ ಇದ್ದು, ಬನ್ನಿ," ಎಂದು ನನ್ನನ್ನು ಕರೆದಳು.